ಕೆಸುವಿನ ಎಲೆಯ ಜರೀಗಿಡ: ಒಣಕಾಡಿನಲ್ಲಿ ಗುರುತು ಹಿಡಿದ ಬಗೆ

ಜರೀಗಿಡ (ಫರ್ನ್) ನೋಡಬೇಕು ಅಂದರೆ ಎಲ್ಲರೂ ಆಗುಂಬೆ, ಕೊಡಚಾದ್ರಿ ಅಂತ ಹೊರಡುತ್ತಾರೆ. ನನಗೆ ಮಾತ್ರ ಶಿಕಾರಿಪುರದ ಕಡೆಯ ಎಲೆಯುದುರುವ ಕಾಡೇ ಇಷ್ಟ. ತೇಗ, ಮತ್ತಿ, ದಿಂಡಿಗ, ನಡುನಡುವೆ ಬಿದಿರು ಮೆಳೆ. ಬೇಸಿಗೆ ಬಂತು ಅಂದರೆ ಪೂರ್ತಿ ಬೋಳು. ಇಂಥ ಕಡೆ ಬದುಕುವ ಜರೀಗಿಡಗಳು ಕಡಿಮೆ. ಕಲಿಯುವವರಿಗೆ ಅದೇ ಅನುಕೂಲ, ಒಂದೊಂದನ್ನೂ ಕೂತು ನೋಡಬಹುದು.

ಈ ಗಿಡ ಕಣ್ಣಿಗೆ ಬಿದ್ದಿದ್ದು ಮಳೆಗಾಲದಲ್ಲಿ, ಜಂಬಿಟ್ಟಿಗೆ ಧರೆಯೊಂದರ ನೆರಳು ಬದಿಯಲ್ಲಿ. ಒಂದು ಗೇಣಿನಷ್ಟು ಎತ್ತರ. ಎಲೆ ಗರಿಗರಿಯಾಗಿ ಸೀಳಿರಲಿಲ್ಲ. ಇಡೀ ಎಲೆ, ಬುಡದಲ್ಲಿ ಎರಡು ಕಿವಿ, ತುದಿ ಸ್ವಲ್ಪ ಚೂಪು. ಮೇಲಿನಿಂದ ನೋಡಿದರೆ ಕೆಸುವಿನ ಮರಿ ಅಂತಲೇ ಹೇಳಬೇಕು. ಫೋನಿನ ಆ್ಯಪ್ ಕೂಡ ಕೆಸುವಿನ ಜಾತಿಯನ್ನೇ ತೋರಿಸಿತು. ಆದರೆ ಕೆಸುವಿನ ದಂಟು ನೀರು ತುಂಬಿಕೊಂಡು ಮೆತ್ತಗಿರುತ್ತದೆ, ಹಸಿರಾಗೋ ನೇರಳೆಯಾಗೋ ಇರುತ್ತದೆ. ಇದರದ್ದು ತಂತಿಯಂತೆ ಗಟ್ಟಿ, ಕಪ್ಪುಗಂದು ಹೊಳಪು, ಬುಡದ ಹತ್ತಿರ ಕಂದು ಹೊಟ್ಟು. ಬುಡ ಕೆದಕಿದಾಗ ಎಳೆ ಎಲೆಯೊಂದು ತುದಿಯಿಂದ ಸುರುಳಿ ಸುತ್ತಿಕೊಂಡು ಕೂತಿತ್ತು, ಜರೀಗಿಡದ ಎಳೆ ಎಲೆ ಇರುವುದೇ ಹಾಗೆ. ಅಲ್ಲಿಗೆ ಕೆಸುವಿನ ಮಾತು ಮುಗಿಯಿತು.

ಆಮೇಲೆ ಗಮನಿಸಿದ್ದು ದಂಟಿನ ಉದ್ದ. ಒಂದೇ ಬುಡದಲ್ಲಿ ಎರಡು ಥರದ ಎಲೆಗಳು. ಕೆಲವು ಗಿಡ್ಡ ದಂಟಿನವು, ನೆಲಕ್ಕೆ ಹತ್ತಿರ ಹರಡಿಕೊಂಡಿದ್ದವು. ಇನ್ನು ಕೆಲವು ಉದ್ದ ದಂಟಿನ ಮೇಲೆ ನೆಟ್ಟಗೆ ನಿಂತಿದ್ದವು. ಗಿಡ್ಡ ಎಲೆ ತಿರುಗಿಸಿದರೆ ಏನೂ ಇಲ್ಲ, ಸುಮ್ನೆ ರೋಮ. ಉದ್ದ ದಂಟಿನ ಎಲೆ ತಿರುಗಿಸಿದಾಗ ಅಸಲಿ ವಿಷಯ ಕಂಡಿತು. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದೆ. ನರಗಳು ಒಂದಕ್ಕೊಂದು ಕೂಡಿ ಬಲೆಯಾಗಿದ್ದವು. ಬೀಜಕದ (ಜರೀಗಿಡದಲ್ಲಿ ಬೀಜದ ಬದಲು ಇರುವ ಪುಡಿಯಂಥ ಕಣ) ಪುಟ್ಟ ಚೀಲಗಳು ಆ ನರಗಳನ್ನೇ ಹಿಡಿದು ಸಾಲಾಗಿ ಕೂತಿದ್ದವು, ಹಾಗಾಗಿ ಎಲೆಯ ಬೆನ್ನ ಮೇಲೆ ಕಂದು ಬಲೆಯೊಂದನ್ನು ಬರೆದಂತಿತ್ತು. ಬಲಿತ ಎಲೆಯಲ್ಲಿ ಸಾಲುಗಳು ಒಂದರ ಮೇಲೊಂದು ಹರಡಿ ಇಡೀ ಬೆನ್ನೇ ಕಂದಾಗಿತ್ತು. ಚೀಲಗಳ ಮೇಲೆ ಮುಚ್ಚಳ ಇರಲಿಲ್ಲ, ಎಲೆಯಂಚು ಮಡಚಿ ಅವನ್ನು ಮುಚ್ಚಿರಲೂ ಇಲ್ಲ.

ಈ ಕೊನೆಯ ಮಾತೇ ಮುಖ್ಯ. ಅದೇ ಧರೆಯಲ್ಲಿ ಪಕ್ಕಕ್ಕೇ ಬೆಳೆದಿದ್ದ ಹಂಸಪಾದಿ ಅನ್ನುವ ಜರೀಗಿಡದಲ್ಲಿ ಬೀಜಕದ ಚೀಲಗಳು ಅಂಚಿನ ಮಡಿಕೆಗಳಲ್ಲಿರುತ್ತವೆ. ಎಲೆಯ ಬೆನ್ನಿಗೆ ಬಿಳಿ ಪುಡಿ ಇರುವ ಬೆಳ್ಳಿ ಜರೀಗಿಡದಲ್ಲೂ ಅಂಚು ಒಳಗೆ ಮಡಚಿ ಚೀಲಗಳನ್ನು ಮುಚ್ಚುತ್ತದೆ. ಮೂರೂ ಟೆರಿಡೇಸೀ ಕುಟುಂಬದವೇ, ಆದರೆ ಬೀಜಕ ಇಡುವ ಜಾಗ ಬೇರೆ ಬೇರೆ. ಇಡೀ ಎಲೆ, ಬಾಣದಂಥ ಬುಡ, ಎರಡು ಥರದ ದಂಟು, ಬಲೆ ನರ, ನರದ ಮೇಲೆ ಬೀಜಕ. ಇಷ್ಟೂ ಒಟ್ಟಿಗೆ ಇರುವ ನಮ್ಮ ಕಡೆಯ ಗಿಡ ಹೆಮಿಯೊನೈಟಿಸ್ ಅರಿಫೋಲಿಯಾ. ನರ್ಸರಿಗಳಲ್ಲಿ ಹಾರ್ಟ್ ಫರ್ನ್ ಅಂತ ಕುಂಡದಲ್ಲಿ ಮಾರುವುದೂ ಇದನ್ನೇ. ಎಲೆಯೂ ದಂಟೂ ಸೇರುವ ಸಂದಿಯಲ್ಲಿ ಒಮ್ಮೊಮ್ಮೆ ಮೊಗ್ಗು ಬಂದು ಮರಿ ಗಿಡವಾಗುತ್ತದೆ, ಸಿಕ್ಕರೆ ಅದೂ ಒಳ್ಳೆಯ ಗುರುತು.

ಗಿಡ ಯಾವುದು ಅನ್ನುವುದು ಸುಲಭವಾಗಿ ಬಗೆಹರಿಯಿತು. ಯಾವ ಕುಲಕ್ಕೆ (ಜೀನಸ್, ಹೆಸರಿನ ಮೊದಲ ಪದ) ಸೇರಿಸಬೇಕು ಅನ್ನುವುದೇ ರಗಳೆ. 1768ರಲ್ಲಿ ಸಸ್ಯಶಾಸ್ತ್ರಜ್ಞ ಬರ್ಮನ್ ಇದನ್ನು ಆಸ್ಪ್ಲೀನಿಯಮ್ ಅಂದ. ಆಮೇಲೆ ಮೂರ್ ಹೆಮಿಯೊನೈಟಿಸ್‌ಗೆ ತಂದ. ಆ ಕುಲಕ್ಕೆ ಮಾದರಿಯಾದ ಗಿಡ ಅಮೆರಿಕದ ಉಷ್ಣವಲಯದ್ದು. ನಮ್ಮದಕ್ಕೂ ಅದಕ್ಕೂ ಹತ್ತಿರದ ನಂಟಿಲ್ಲ ಅಂತ ಪಾಣಿಗ್ರಾಹಿ 1993ರಲ್ಲಿ ಪ್ಯಾರಾಹೆಮಿಯೊನೈಟಿಸ್ ಅನ್ನುವ ಹೊಸ ಕುಲ ಮಾಡಿದರು. ಡಿಎನ್‌ಎ ಅಧ್ಯಯನಗಳೂ ಅದೇ ದಾರಿ ಹಿಡಿದವು, ಜರೀಗಿಡಗಳ 2016ರ ಅಂತರರಾಷ್ಟ್ರೀಯ ವರ್ಗೀಕರಣವೂ ಒಪ್ಪಿತು. ಅಷ್ಟರಲ್ಲಿ 2018ರಲ್ಲಿ ಇನ್ನೊಂದು ತಂಡ, ಬೆಳ್ಳಿ ಜರೀಗಿಡವೂ ಸೇರಿದಂತೆ ಈ ಗುಂಪಿನ ನೂರಾರು ಗಿಡಗಳನ್ನು ಒಟ್ಟಿಗೆ ಹೆಮಿಯೊನೈಟಿಸ್ ಒಳಗೇ ಹಾಕಿಬಿಟ್ಟಿತು! ಕಾಡಿನಲ್ಲಿ ನಿಂತು ನೋಡುವವನಿಗೆ ಇದು ಜಾಸ್ತಿ ಆಯಿತು, ಅಲ್ವಾ? ಬಿಳಿ ಪುಡಿಯ ಗಿಡವನ್ನೂ ಇದನ್ನೂ ಒಂದೇ ಕುಲ ಅಂದರೆ ಕುಲದ ಹೆಸರಿನಿಂದ ನನಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ನಾನು ಪ್ಯಾರಾಹೆಮಿಯೊನೈಟಿಸ್ ಅಂತಲೇ ಬರೆಯುತ್ತೇನೆ, ಹೆಮಿಯೊನೈಟಿಸ್ ಅನ್ನುವ ಹಳೆಯ ಹೆಸರನ್ನು ಕೆಳಗೆ ಸೇರಿಸುತ್ತೇನೆ. ಎರಡು ಹೆಸರಿನಲ್ಲೂ ಹುಡುಕುವವರಿದ್ದಾರೆ.

ಗಿಡ ಕೀಳುವುದಿಲ್ಲ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕೀಳುವ ಹಾಗೂ ಇಲ್ಲ. ಪ್ರತಿ ಗಿಡಕ್ಕೂ ಇಷ್ಟು ಚಿತ್ರ ಬೇಕೇ ಬೇಕು: ಇಡೀ ಗಿಡ, ದಂಟಿನ ಬುಡ, ಬೀಜಕವಿಲ್ಲದ ಎಲೆಯ ಬೆನ್ನು, ಬೀಜಕವಿರುವ ಎಲೆಯ ಬೆನ್ನು, ಪಕ್ಕದಲ್ಲಿ ಒಂದು ಸ್ಕೇಲು. ಬೇಸಿಗೆಗೆ ಹೋದರೆ ಎಲೆ ಮುದುಡಿಕೊಂಡಿರುತ್ತದೆ, ಗುರುತು ಸಿಗುವುದು ಕಷ್ಟ. ಜುಲೈಯಿಂದ ಅಕ್ಟೋಬರ್ ಒಳಗೆ ಹೋಗಿ, ಮೊದಲು ಉದ್ದ ದಂಟಿನ ಎಲೆಯನ್ನೇ ತಿರುಗಿಸಿ ನೋಡಿ.