ನಗರದ ನೀರಂಚಿನಲ್ಲಿ ತೇಲುವ ವೇದಿಕೆಯನ್ನು ಯೋಜಿಸುವ ಕ್ರಮ

ನದಿ, ಅಳಿವೆ ಅಥವಾ ಹಳೆಯ ಬಂದರಿನ ಅಂಚಿನಲ್ಲಿ ತೇಲುವ ಜೆಟ್ಟಿಯನ್ನೋ, ವೇದಿಕೆಯನ್ನೋ, ಮನೆಗಳ ಸಾಲನ್ನೋ ನಿರ್ಮಿಸಲು ಹೊರಡುವ ನಗರಾಡಳಿತವು ನಕ್ಷೆ ಬರೆಸುವ ಮುಂಚೆ ಆ ಜಾಗದ ನೀರಿನ ದಾಖಲೆಗಳನ್ನು ತರಿಸಿಕೊಳ್ಳಬೇಕು. ಬೇಸಿಗೆಯ ಅತಿ ಕಡಿಮೆ ಮಟ್ಟ, ನೆರೆಯ ಅತಿ ಹೆಚ್ಚಿನ ಮಟ್ಟ, ಹರಿವಿನ ವೇಗ ಮತ್ತು ಅಲೆಗಳ ಎತ್ತರ ತಿಳಿಯದೆ ಮುಂದಿನ ಯಾವ ನಿರ್ಧಾರವನ್ನೂ ಕೈಗೊಳ್ಳಲಾಗದು. ವಸ್ತುವೊಂದನ್ನು ತೇಲಿಸುವುದು ಸುಲಭ. ಅದನ್ನು ನಿಂತಲ್ಲಿ ನಿಲ್ಲಿಸುವುದು ಮತ್ತು ದಡಕ್ಕೆ ಸೇರಿಸುವುದು ಈ ಕೆಲಸದ ನಿಜವಾದ ಕಷ್ಟ. ಮಲ್ಪೆಯ ತೆರೆದ ಕಡಲಿನಲ್ಲಿ 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ತೇಲುವ ಸೇತುವೆಯು ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಹಾನಿಗೊಂಡಿತು. ಆಮ್‌ಸ್ಟರ್‌ಡ್ಯಾಮ್‌ನ ಐಬರ್ಗ್ ಬಡಾವಣೆಯ ತೇಲುವ ಮನೆಗಳಾದರೋ ಅಲೆ ತಾಗದ ಒಳನೀರಿನಲ್ಲಿವೆ. ಆದ್ದರಿಂದ ಮರೆಯಿರುವ ಜಾಗವನ್ನೇ ಆರಿಸಿಕೊಳ್ಳುವುದು ಕ್ಷೇಮ.

ಎರಡನೆಯದು ಭಾರದ ಲೆಕ್ಕ. ಸಿಹಿನೀರಿನಲ್ಲಿ ಪ್ರತಿ ಚದರ ಮೀಟರಿಗೆ ಒಂದು ಟನ್ ಭಾರ ಹೇರಿದರೆ ವೇದಿಕೆ ಒಂದು ಮೀಟರ್ ಇಳಿಯುತ್ತದೆ. 20 ಮೀಟರ್ ಉದ್ದ, 10 ಮೀಟರ್ ಅಗಲದ ವೇದಿಕೆಯ ಮೇಲೆ ತಲಾ 70 ಕಿಲೋ ತೂಕದ 200 ಜನ ಸಮವಾಗಿ ಹರಡಿ ನಿಂತರೆ ಅದು ಇಳಿಯುವುದು ಕೇವಲ 7 ಸೆಂಟಿಮೀಟರ್. ಆದರೆ ಅಷ್ಟೂ ಜನ ತೆಪ್ಪೋತ್ಸವ ನೋಡಲೆಂದು ಉದ್ದನೆಯ ಒಂದು ಬದಿಯ ಎರಡು ಮೀಟರ್ ಅಗಲದ ಪಟ್ಟಿಗೆ ಬಂದು ಒತ್ತಿ ನಿಂತರೆ, ವೇದಿಕೆ ವಾಲಿ, ಆ ಅಂಚು ಸುಮಾರು 24 ಸೆಂಟಿಮೀಟರ್ ಇಳಿಯುತ್ತದೆ. ಜನ ಹರಡಿ ನಿಲ್ಲುತ್ತಾರೆಂದು ನಂಬಿ ಅಂಚಿನ ಎತ್ತರವನ್ನು ನಿಗದಿಪಡಿಸುವುದು ನಮ್ಮ ಜಾತ್ರೆಗಳನ್ನು ನೋಡದವರು ಮಾಡುವ ಕೆಲಸ. ವಾಲುವುದನ್ನು ತಡೆಯಲು ಅಗಲ ಹೆಚ್ಚಿಸುವುದೇ ಅತ್ಯಂತ ಪರಿಣಾಮಕಾರಿ ಉಪಾಯ. ನೀರಿನ ತೊಟ್ಟಿಯಂಥ ಭಾರವಾದ ವಸ್ತುಗಳನ್ನು ಚಾವಣಿಯ ಮೇಲಿಡದೆ ಕೆಳಗೆ ಇಡಬೇಕು.

ತಳಕ್ಕೆ ಪ್ಲಾಸ್ಟಿಕ್ ಪೆಟ್ಟಿಗೆ, ಉಕ್ಕು ಅಥವಾ ಕಾಂಕ್ರೀಟನ್ನು ಬಳಸಬಹುದು. ಪ್ಲಾಸ್ಟಿಕ್ ಪೆಟ್ಟಿಗೆಗಳು ಹಗುರವಾದ ತಾತ್ಕಾಲಿಕ ಬಳಕೆಗೆ ಸಾಕು. ಉಕ್ಕಿಗೆ ಕಾಲಕಾಲಕ್ಕೆ ಬಣ್ಣ ಬೇಕು. ಶಾಶ್ವತ ಕಟ್ಟಡಕ್ಕೆ, ನನ್ನ ಅಭಿಪ್ರಾಯದಲ್ಲಿ, ಒಳಗೆ ಥರ್ಮೋಕೋಲ್ ತುಂಬಿದ ಕಾಂಕ್ರೀಟ್ ತಳವೇ ಉತ್ತಮ, ಏಕೆಂದರೆ ಬಿರುಕು ಬಿಟ್ಟರೂ ಅದು ಮುಳುಗುವುದಿಲ್ಲ. ಐಬರ್ಗ್‌ನ ಮನೆಗಳನ್ನು ಟೊಳ್ಳಾದ ಕಾಂಕ್ರೀಟ್ ತೊಟ್ಟಿಗಳ ಮೇಲೆ ಬೇರೆಡೆ ಕಟ್ಟಿ, ಕಾಲುವೆಗಳ ಮೂಲಕ ಎಳೆದು ತಂದದ್ದರಿಂದ ದಾರಿಯ ಲಾಕ್ ಗೇಟುಗಳ (ಬೇರೆಬೇರೆ ನೀರಿನ ಮಟ್ಟಗಳ ನಡುವೆ ದೋಣಿಗಳನ್ನು ಏರಿಸಿ ಇಳಿಸುವ ಕಟ್ಟೆಬಾಗಿಲುಗಳ) ಅಗಲವೇ ಮನೆಗಳ ಅಗಲಕ್ಕೆ ಮಿತಿಯಾಯಿತು. ಸಾಗಿಸುವ ದಾರಿಯಲ್ಲಿರುವ ಸೇತುವೆಗಳನ್ನು ನಾವೂ ಮೊದಲೇ ಅಳೆದಿಡುವುದು ಒಳಿತು.

ನಿಲ್ಲಿಸುವುದಕ್ಕೆ ಎರಡು ದಾರಿಗಳಿವೆ. ಆಳವಾದ ನೀರಿನಲ್ಲಿ ಲಂಗರು ಮತ್ತು ಸರಪಳಿ ಸರಿ. ನಗರದಂಚಿನ ಕಡಿಮೆ ಆಳದಲ್ಲಿ, ತಳಕ್ಕೆ ಹೂತ ಉಕ್ಕಿನ ಕಂಬಗಳಿಗೆ ಬಳೆ ತೊಡಿಸಿ, ವೇದಿಕೆ ಅದರಗುಂಟ ಏರಿಳಿಯುವಂತೆ ಮಾಡುವುದು ಮೇಲು. ಕಂಬದ ತುದಿ ದಾಖಲಾದ ಅತಿ ದೊಡ್ಡ ನೆರೆಯ ಮಟ್ಟಕ್ಕಿಂತ ಸಾಕಷ್ಟು ಮೇಲಿರಲೇಬೇಕು. ಇಲ್ಲವಾದರೆ ವೇದಿಕೆಯು ಕಂಬದಿಂದ ಕಳಚಿ, ಕೆಳಗಿನ ಸೇತುವೆಗೆ ಹೋಗಿ ಬಡಿಯುತ್ತದೆ.

ಹೆಚ್ಚಿನ ಯೋಜನೆಗಳು ಎಡವುವುದು ದಡದ ಕಾಲುಸೇತುವೆಯಲ್ಲಿ. ಗಾಲಿಕುರ್ಚಿ ಸಾಗಲು ಇಳಿಜಾರು 1:12 ಮೀರಬಾರದು. ದಡಕ್ಕಿಂತ ವೇದಿಕೆ ಮೂರು ಮೀಟರ್ ಕೆಳಗಿಳಿಯುವಲ್ಲಿ ಸೇತುವೆಗೆ 36 ಮೀಟರ್ ಉದ್ದ ಬೇಕಾಗುತ್ತದೆ, ಮತ್ತು ಆ ಉದ್ದಕ್ಕೆ ಜಾಗವಿದೆಯೇ ಎಂಬುದನ್ನು ಟೆಂಡರ್ ಕರೆದ ಮೇಲೆ ನೋಡುವುದು ತೀರಾ ತಡ. ಕುಡಿಯುವ ನೀರು, ವಿದ್ಯುತ್ತು ಮತ್ತು ಕೊಳಚೆಯ ಸಂಪರ್ಕಗಳು ಇದೇ ಸೇತುವೆಯಡಿ ಬಾಗುವ ಕೊಳವೆಗಳಲ್ಲಿ ಹೋಗಬೇಕು. ಕೊಳಚೆಯನ್ನು ಪಂಪಿನಿಂದ ದಡಕ್ಕೆ ಎತ್ತಲೇಬೇಕು.

ಉಬ್ಬರವಿಳಿತ ತಲುಪುವ ನದಿಭಾಗಗಳಿಗೂ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುವುದರಿಂದ, ಮಂಗಳೂರಿನಂಥ ಊರುಗಳಲ್ಲಿ ಅನುಮತಿಯ ಕೆಲಸವನ್ನು ಆರಂಭದಲ್ಲೇ ಕೈಗೆತ್ತಿಕೊಳ್ಳಬೇಕು. ಮೀನುಗಾರರ ದೋಣಿಗಳ ದಾರಿಯನ್ನು ಅವರನ್ನೇ ಕೇಳಿ ಗುರುತಿಸಬೇಕು. ವೇದಿಕೆಗಳು ಬೆಳಕನ್ನು ಮುಚ್ಚುವುದರಿಂದ ಅವುಗಳ ನಡುವೆ ತೆರಪು ಬಿಡುವುದು ಅಗತ್ಯ. ಮಳೆಗಾಲದಲ್ಲಿ ಹರಿವಿನ ಮೇಲ್ಬದಿಗೆ ಅಂತರಗಂಗೆ ಮತ್ತು ಕಸ ಬಂದು ಒತ್ತಿ ಸರಪಳಿಗಳ ಮೇಲಿನ ಎಳೆತವನ್ನು ಹೆಚ್ಚಿಸುತ್ತವೆ. ಅದನ್ನು ತೆಗೆಯುವ ಜವಾಬ್ದಾರಿ ಯಾರದು, ಹಣ ಎಲ್ಲಿಂದ ಎಂಬುದನ್ನು ಗುತ್ತಿಗೆಯ ಕರಾರಿನಲ್ಲೇ ಬರೆಯಿಸಬೇಕು.