ಹಳೇ ಲೇತಿಗೆ ಎನ್‌ಕೋಡರ್ ಹಾಕಿ ಥ್ರೆಡ್ ತೆಗೆದದ್ದು

ಪೀಣ್ಯದ ನಮ್ಮ ಚಿಕ್ಕ ಶಾಪಿನಲ್ಲಿದ್ದ ಹಳೇ ಗೇರ್ ಹೆಡ್ ಲೇತಿಗೆ ಬಾಲ್ ಸ್ಕ್ರೂ, ಸರ್ವೋ ಮೋಟರ್ ಹಾಕಿ ಲಿನಕ್ಸ್‌ಸಿಎನ್‌ಸಿಗೆ (ಕಂಪ್ಯೂಟರಿನಿಂದ ಮೆಷಿನ್ ಓಡಿಸುವ ಸಾಫ್ಟ್‌ವೇರ್) ಬದಲಾಯಿಸಿದೆ. ಟರ್ನಿಂಗ್, ಫೇಸಿಂಗ್ ಬೇಗ ಕೂತವು. ಥ್ರೆಡ್ಡಿಂಗ್ ಮಾತ್ರ ಬೇರೆ ಲೆಕ್ಕ. ಅಲ್ಲಿ ಸ್ಪಿಂಡಲ್ಲೇ (ಕಡಿಯಬೇಕಾದ ಜಾಬನ್ನು ತಿರುಗಿಸುವ ದಂಡ) ಯಜಮಾನ, ಟೂಲನ್ನು ಜಾಬಿನ ಉದ್ದಕ್ಕೆ ಸರಿಸುವ ಝಡ್ ಆಕ್ಸಿಸ್ ಅದು ಹೇಳಿದ ಹಾಗೆ ಕೇಳಬೇಕು.

ವಿಎಫ್‌ಡಿಯಲ್ಲಿ (ಸ್ಪಿಂಡಲ್ ಮೋಟರಿನ ವೇಗ ಬದಲಿಸುವ ಡ್ರೈವ್) 400 ಆರ್‌ಪಿಎಂ ಇಟ್ಟು, ಎಂ16 (16 ಮಿ.ಮೀ. ದಪ್ಪದ) ಥ್ರೆಡ್ಡಿನ ಪಿಚ್, ಅಂದರೆ ಒಂದು ಸುತ್ತಿಗೆ ಸರಿಯುವ ದೂರ, 2 ಮಿ.ಮೀ. ಅಂತ ಝಡ್‌ಗೆ ನಿಮಿಷಕ್ಕೆ 800 ಮಿ.ಮೀ. ಫೀಡ್ ಕೊಟ್ಟರೆ ಸಾಕಲ್ವಾ ಎಂದು ಕೇಳುವವರಿದ್ದಾರೆ. ಸಾಕಾಗುವುದಿಲ್ಲ. ಟೂಲ್ ಕಚ್ಚಿದ ತಕ್ಷಣ ಮೋಟರ್ ಸ್ವಲ್ಪ ಜಗ್ಗುತ್ತದೆ. 400 ಇದ್ದದ್ದು 390 ಆದರೂ 30 ಮಿ.ಮೀ. ಥ್ರೆಡ್ಡಿನ ಕೊನೆಗೆ ಮುಕ್ಕಾಲು ಮಿ.ಮೀ. ತಪ್ಪಿರುತ್ತದೆ. ಅದಕ್ಕಿಂತ ದೊಡ್ಡ ತಾಪತ್ರಯ ಎರಡನೇ ಪಾಸಿನದು (ಅದೇ ಗೆರೆಯಲ್ಲಿ ಟೂಲಿನ ಎರಡನೇ ಓಟ): ಚಕ್ ಯಾವ ಕೋನದಲ್ಲಿದ್ದಾಗ ಹೊರಡಬೇಕು ಅಂತ ಝಡ್‌ಗೆ ಗೊತ್ತೇ ಇರುವುದಿಲ್ಲ.

ಹಾಗಾಗಿ ಹೆಡ್‌ಸ್ಟಾಕ್ (ಸ್ಪಿಂಡಲ್ ಕೂರುವ ಪೆಟ್ಟಿಗೆ) ಹಿಂಬದಿ ಚೇಂಜ್ ಗೇರ್ ಕೂರುತ್ತಿದ್ದ ಕಡೆ, ಸ್ಪಿಂಡಲ್ಲಿನಿಂದ ಟೈಮಿಂಗ್ ಬೆಲ್ಟ್ ಎಳೆದು ಸುತ್ತಿಗೆ 1000 ಪಲ್ಸ್ ಕೊಡುವ ಎನ್‌ಕೋಡರ್ (ತಿರುಗುವುದನ್ನು ಅಳೆಯುವ ಸೆನ್ಸರ್) ಕೂರಿಸಿದೆ. ಎರಡೂ ಪುಲ್ಲಿಗೆ ಒಂದೇ ಲೆಕ್ಕದ ಹಲ್ಲು. ಒಂದರಲ್ಲಿ 30, ಇನ್ನೊಂದರಲ್ಲಿ 32 ಇದ್ದರೆ ಇಂಡೆಕ್ಸ್ ಪಲ್ಸ್ (ಎನ್‌ಕೋಡರ್ ಸುತ್ತಿಗೆ ಒಂದೇ ಸಲ ಕೊಡುವ ಗುರುತು) ಸ್ಪಿಂಡಲ್ಲಿನ ಪ್ರತಿ ಸುತ್ತಿಗೂ ಬೇರೆ ಕೋನದಲ್ಲಿ ಬರುತ್ತದೆ, ಥ್ರೆಡ್ ಹಾಳು. ಎನ್‌ಕೋಡರಿನ ಎ, ಬಿ ಎಂಬ ಎರಡು ಪಲ್ಸ್ ಚಾನೆಲ್‌ಗಳ ಎಲ್ಲ ಏರಿಳಿತ ಎಣಿಸಿದರೆ ಸುತ್ತಿಗೆ 4000 ಕೌಂಟ್. ಸ್ಪಿಂಡಲ್ ಎಷ್ಟು ತಿರುಗಿತು ಅನ್ನುವುದನ್ನು ಇವು ಹೇಳುತ್ತವೆ, ಪಾಸ್ ಎಲ್ಲಿಂದ ಶುರು ಅನ್ನುವುದನ್ನು ಇಂಡೆಕ್ಸ್ ಹೇಳುತ್ತದೆ. 600 ಆರ್‌ಪಿಎಂಗೆ ಸೆಕೆಂಡಿಗೆ 40,000 ಕೌಂಟ್ ಆಗುತ್ತದೆ, ಪ್ಯಾರಲಲ್ ಪೋರ್ಟಿನಲ್ಲಿ ಸಾಫ್ಟ್‌ವೇರ್ ಎಣಿಕೆ ನಂಬಿಕೊಂಡರೆ ಇದು ಕಷ್ಟ, ಅದಕ್ಕೇ ಕಾರ್ಡಿನಲ್ಲೇ ಎಣಿಸುವ ಮೆಸಾ ಬೋರ್ಡ್ ತಗೊಂಡೆ.

ಜಾಸ್ತಿ ಹೊತ್ತು ತಿಂದದ್ದು ವಿಎಫ್‌ಡಿಯ ವಿದ್ಯುತ್ ನಾಯ್ಸ್. ಅದು ಇಲ್ಲದ ಪಲ್ಸ್ ಹುಟ್ಟಿಸುತ್ತದೆ. ನಾನು ನೋಡುವ ವಿಧಾನ ಹೀಗೆ: ಪ್ರತಿ ಇಂಡೆಕ್ಸ್ ಬಂದಾಗ ಒಟ್ಟು ಕೌಂಟ್ ಎಷ್ಟಿದೆ ಅಂತ ಸ್ಕ್ರೀನಿನಲ್ಲಿ ಹಿಡಿದು, ಹಿಂದಿನದರ ಜೊತೆ ಕಳೆಯುವುದು. ಮೋಟರ್ ಓಡುವಾಗಲೂ 4000ವೇ ಬರಬೇಕು. ಒಂದೆರಡು ಕೌಂಟ್ ಆಚೀಚೆ ಆಗಿ ಮತ್ತೆ ಸರಿಹೋದರೆ ಪರವಾಗಿಲ್ಲ, ಒಂದೇ ಕಡೆಗೆ ಕೂಡುತ್ತಾ ಹೋದರೆ ಮಾತ್ರ ಬಿಡಬಾರದು. ಡಿಫರೆನ್ಷಿಯಲ್ ಔಟ್‌ಪುಟ್ (ಒಂದೇ ಸಿಗ್ನಲ್ಲನ್ನು ಎರಡು ತಂತಿಯಲ್ಲಿ ಸುಲ್ಟಾ-ಉಲ್ಟಾ ಕಳಿಸುವುದು) ಇರುವ ಎನ್‌ಕೋಡರ್, ಶೀಲ್ಡ್ ಕೇಬಲ್, ಶೀಲ್ಡಿಗೆ ಪ್ಯಾನೆಲ್ ಕಡೆ ಮಾತ್ರ ಅರ್ಥ್, ಮೋಟರ್ ವೈರಿನಿಂದ ದೂರ. ಇಷ್ಟು ಮಾಡಿದ ಮೇಲೆ ಅಂಕಿ ಅಲ್ಲಾಡಲಿಲ್ಲ.

ಆಮೇಲೆ ಗೀಚು ಪರೀಕ್ಷೆ. ಅಲ್ಯೂಮಿನಿಯಂ ರಾಡಿಗೆ ಮಾರ್ಕರ್ ಬಳಿದು, 0.05 ಮಿ.ಮೀ. ಆಳದಲ್ಲಿ ಜಿ33 (ಸ್ಪಿಂಡಲ್ಲಿಗೆ ಕಟ್ಟಿದ ಚಲನೆಯ ಆಜ್ಞೆ) ಪಾಸನ್ನು ಆಳ ಬದಲಿಸದೆ ಮತ್ತೆ ಮತ್ತೆ ಓಡಿಸಿದೆ. ಭೂತಗನ್ನಡಿಯಲ್ಲಿ ಒಂದೇ ಗೆರೆ ಕಂಡರೆ ಸರಿ. ಎರಡು ಗೆರೆ ಕಂಡರೆ ಮೊದಲು ಬೆಲ್ಟ್, ಕಪ್ಲಿಂಗ್ ಸಡಿಲ ಇದೆಯಾ ನೋಡಿ, ಸಾಫ್ಟ್‌ವೇರನ್ನು ಬೈಯ್ಯುವುದು ಆಮೇಲೆ.

ಪಾಸ್ ಶುರುವಾಗುವಾಗ ಝಡ್ ನಿಂತಿರುತ್ತದೆ, ಸ್ಪಿಂಡಲ್ ಓಡುತ್ತಿರುತ್ತದೆ. ಇಂಡೆಕ್ಸ್ ಬಂದ ಮೇಲೆ ಝಡ್ ವೇಗ ಹಿಡಿಯುವಷ್ಟರಲ್ಲಿ ಹಿಂದೆ ಬಿದ್ದಿರುತ್ತದೆ, ಬಾಕಿ ತೀರಿಸಲು ಒಂದು ಕ್ಷಣ ಥ್ರೆಡ್ ವೇಗಕ್ಕಿಂತ ಜೋರಾಗಿ ಓಡಬೇಕು. ಅದಕ್ಕೇ ಝಡ್‌ನ ಗರಿಷ್ಠ ವೇಗದ ಹತ್ತಿರ ಥ್ರೆಡ್ ತೆಗೆಯಲು ಹೋಗಬಾರದು. ಜಾಬಿನ ಮುಂದೆ ಮೂರು ಪಿಚ್ ಖಾಲಿ ಜಾಗ ಬಿಡುತ್ತೇನೆ, ಎಂ16ಕ್ಕೆ 6 ಮಿ.ಮೀ.

ಈಗ ಎಂ16ಕ್ಕೆ ಓಡಿಸುವ ಸಾಲು (ಜಿ76 ಅಂದರೆ ಹಲವು ಪಾಸಿನಲ್ಲಿ ಪೂರ್ತಿ ಥ್ರೆಡ್ ತೆಗೆಯುವ ಆಜ್ಞೆ): ಜಿ76 ಪಿ2 ಝಡ್-30 ಐ-1 ಜೆ0.2 ಕೆ1.227 ಆರ್2 ಕ್ಯೂ29.5 ಎಚ್2. ಪಿ ಪಿಚ್, ಝಡ್ ಥ್ರೆಡ್ಡಿನ ಕೊನೆ, ಐ ಟೂಲ್ ಹೊರಡುವ ಗೆರೆಯಿಂದ ಥ್ರೆಡ್ಡಿನ ಹೊರಮೈಗೆ ದೂರ, ಜೆ ಮೊದಲ ಕಟ್ಟಿನ ಆಳ, ಆರ್ ಪ್ರತಿ ಪಾಸಿಗೆ ಕಟ್ ತೆಳುವಾಗುವ ಲೆಕ್ಕ. ಇದು ಜಿ8, ಅಂದರೆ ರೇಡಿಯಸ್ ಮೋಡಿನ ಲೆಕ್ಕ. ಜಿ7ರಲ್ಲಿದ್ದರೆ ಐ, ಜೆ, ಕೆ ಮೂರೂ ಡಯಾಮೀಟರ್ ಅಳತೆ ಆಗುತ್ತವೆ, ಹುಷಾರು. ಕೆ ಅಂದರೆ ಥ್ರೆಡ್ಡಿನ ಪೂರ್ತಿ ಆಳ, ಪಿಚ್ಚಿನ 0.6134 ಪಟ್ಟು. ಕ್ಯೂ29.5 (ಟೂಲ್ ಒಳಹೋಗುವ ಓರೆ, ಡಿಗ್ರಿಯಲ್ಲಿ) ಇರುವುದರಿಂದ ಟೂಲ್ ಬಹುಪಾಲು ಒಂದೇ ಮಗ್ಗುಲಿಂದ ಕಡಿಯುತ್ತದೆ, ಚಿಪ್ಸ್ ಸಲೀಸಾಗಿ ಬರುತ್ತದೆ. ಎಚ್2 ಅಂದರೆ ಕೊನೆಯಲ್ಲಿ ಎರಡು ಸ್ಪ್ರಿಂಗ್ ಪಾಸ್ (ಆಳ ಹೆಚ್ಚಿಸದೆ ಅದೇ ಜಾಗದಲ್ಲಿ ಮತ್ತೆ ಓಡುವುದು).

ಸ್ಪಿಂಡಲ್ ಜಿ97ರಲ್ಲೇ (ಆರ್‌ಪಿಎಂ ಸ್ಥಿರವಾಗಿಡುವ ಮೋಡ್) ಇರಲಿ, ಪಾಸ್‌ಗಳ ಮಧ್ಯೆ ಆರ್‌ಪಿಎಂ ಏರಿಸಬೇಡಿ. ಟೂಲ್ ಹೊರಬರುವ ಚಲನೆ ಸ್ಪಿಂಡಲ್ಲಿಗೆ ಕಟ್ಟಿದ್ದಲ್ಲ. ವೇಗ ಜಾಸ್ತಿ ಮಾಡಿದರೆ ಅಷ್ಟೇ ಹೊತ್ತಿನಲ್ಲಿ ಜಾಬ್ ಜಾಸ್ತಿ ತಿರುಗಿ ಕೊನೆಯಲ್ಲಿ ದಪ್ಪ ಕಟ್ ಬೀಳುತ್ತದೆ, ಇನ್ಸರ್ಟ್ (ಟೂಲಿನ ಕಡಿಯುವ ತುಂಡು) ಮೂಗು ಮುರಿಯುತ್ತದೆ. ರಿಲೀಫ್ ಗ್ರೂವ್ (ಥ್ರೆಡ್ಡಿನ ಕೊನೆಯಲ್ಲಿ ಟೂಲ್ ಹೊರಬರಲು ಮೊದಲೇ ಕಡಿದ ಕಾಲುವೆ) ಇದ್ದರೆ ಈ ಚಿಂತೆ ಇಲ್ಲ. ಡ್ರಾಯಿಂಗ್ ಒಪ್ಪಿದ ಕಡೆಯಲ್ಲೆಲ್ಲ ನಾನು ಮೊದಲು ಗ್ರೂವ್ ಹಾಕಿಯೇ ಥ್ರೆಡ್ಡಿಗೆ ಹೋಗುವುದು.