ಸಾಂಬಾ ಫೋಲ್ಡರ್ ಕಾಣುತ್ತದೆ, ತೆರೆಯುವುದಿಲ್ಲ: ಸರಿಹೋದದ್ದು ಹೀಗೆ

ಸರ್ವರ್ ಆಲ್ಮಾಲಿನಕ್ಸ್ 9 (ಲಿನಕ್ಸ್‌ನ ಒಂದು ಬಗೆ). ವಿಂಡೋಸ್‌ನಿಂದ ನೋಡಿದರೆ ಸಾಂಬಾದಲ್ಲಿ (ಲಿನಕ್ಸ್ ಫೋಲ್ಡರುಗಳನ್ನು ವಿಂಡೋಸ್ ಜೊತೆ ಹಂಚುವ ತಂತ್ರಾಂಶ) ಹಂಚಿದ ಫೋಲ್ಡರಿನ ಹೆಸರು ಕಾಣುತ್ತಿತ್ತು, ಪಾಸ್‌ವರ್ಡ್ ಕೂಡ ಒಪ್ಪುತ್ತಿತ್ತು. ತೆರೆಯಲು ಹೋದರೆ ಮಾತ್ರ ಅನುಮತಿ ಇಲ್ಲ ಎನ್ನುತ್ತಿತ್ತು.

ಎಲ್ಲರಿಗೂ ಪೂರ್ಣ ಅನುಮತಿ ಕೊಡುವ ಸಿಎಚ್‌ಮೋಡ್ 777 ಕೊಟ್ಟೆ, ಪ್ರಯೋಜನವಾಗಲಿಲ್ಲ. ಸಾಂಬಾ ಬಳಕೆದಾರರನ್ನು ಅಳಿಸಿ ಮತ್ತೆ ಸೇರಿಸಿದೆ. ಫೈರ್‌ವಾಲ್‌ನಲ್ಲಿ ಸಾಂಬಾ ಬಳಸುವ 445ನೇ ಪೋರ್ಟ್ ತೆರೆದೇ ಇತ್ತು. ಸಾಂಬಾ ಸಂರಚನೆಯನ್ನು ಪರೀಕ್ಷಿಸುವ ಟೆಸ್ಟ್‌ಪಾರ್ಮ್ ಒಂದು ತಪ್ಪನ್ನೂ ತೋರಿಸಲಿಲ್ಲ.

ಕೊನೆಗೆ ಸೆಟ್‌ಎನ್‌ಫೋರ್ಸ್ 0 ಕೊಟ್ಟ ಕೂಡಲೇ ಫೋಲ್ಡರ್ ತೆರೆಯಿತು. ಅಂದರೆ ತಡೆಯುತ್ತಿದ್ದದ್ದು ಎಸ್‌ಇಲಿನಕ್ಸ್, ಅಂದರೆ ಕಡತಗಳ ಲೇಬಲ್ ನೋಡಿ ಪ್ರವೇಶ ಕೊಡುವ ಲಿನಕ್ಸ್‌ನ ಭದ್ರತಾ ವ್ಯವಸ್ಥೆ; ಸೆಟ್‌ಎನ್‌ಫೋರ್ಸ್ 0 ಅದರ ತಡೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ಇದನ್ನೇ ಪರಿಹಾರವೆಂದು ಬಿಡಬೇಡಿ, ಪತ್ತೆಯಾದ ತಕ್ಷಣ 1ಕ್ಕೆ ಮರಳಿಸಿ. ಎಲ್‌ಎಸ್ ಆಜ್ಞೆಗೆ -ಎಲ್‌ಝಡ್ (ಝಡ್ ದೊಡ್ಡಕ್ಷರ) ಸೇರಿಸಿ ನೋಡಿದಾಗ ಕಡತಗಳ ಲೇಬಲ್ ‘ಯೂಸರ್_ಹೋಮ್_ಟಿ’ ಎಂದಿತ್ತು. ಹೋಮ್ ಫೋಲ್ಡರಿನಿಂದ ಎಂವಿ (ಕಡತ ಸ್ಥಳಾಂತರಿಸುವ) ಆಜ್ಞೆಯಲ್ಲಿ ಅವನ್ನು ತಂದಿದ್ದೆ. ಎಂವಿ ಹಳೆಯ ಲೇಬಲ್ಲನ್ನೇ ಹೊತ್ತು ತರುತ್ತದೆ.

ಎಸ್‌ಇಲಿನಕ್ಸ್ ನಿಯಮಗಳನ್ನು ಬದಲಿಸುವ ಸೆಮ್ಯಾನೇಜ್ ಆಜ್ಞೆ ಇಲ್ಲದಿದ್ದರೆ ಮೊದಲು ‘ಪಾಲಿಸಿಕೋರ್‌ಯುಟಿಲ್ಸ್-ಪೈಥಾನ್-ಯುಟಿಲ್ಸ್’ ಪ್ಯಾಕೇಜ್ ಹಾಕಿಕೊಳ್ಳಿ. ನಂತರ ರೂಟ್ ಆಗಿ, ಇದೇ ಕ್ರಮದಲ್ಲಿ (/ಎಸ್‌ಆರ್‌ವಿ/ಲೆಕ್ಕ ಎಂಬುದು ನಾನು ಹಂಚಿದ ಫೋಲ್ಡರಿನ ಹಾದಿ):

ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್ -ಎ -ಟಿ ಸಾಂಬಾ_ಶೇರ್_ಟಿ '/ಎಸ್‌ಆರ್‌ವಿ/ಲೆಕ್ಕ(/.*)?'

ರಿಸ್ಟೋರ್‌ಕಾನ್ -ಆರ್‌ವಿ /ಎಸ್‌ಆರ್‌ವಿ/ಲೆಕ್ಕ

ಹಾದಿಯ ಸುತ್ತ ಒಂಟಿ ಉದ್ಧರಣ ಚಿಹ್ನೆ ಇರಲೇಬೇಕು, ಇಲ್ಲದಿದ್ದರೆ ಆವರಣವನ್ನು ಶೆಲ್ ತಪ್ಪಾಗಿ ಓದುತ್ತದೆ. ಎರಡನೆಯದರಲ್ಲಿ ಆರ್ ದೊಡ್ಡಕ್ಷರ. ಮೊದಲನೆಯದು ನಿಯಮವನ್ನು ಬರೆದಿಡುತ್ತದೆ ಅಷ್ಟೇ, ಕಡತಗಳಿಗೆ ಲೇಬಲ್ ಅಂಟಿಸುವುದು ಎರಡನೆಯದು. ನಾನು ನಡುವೆ ಲೇಬಲ್ಲನ್ನು ನೇರವಾಗಿ ಬದಲಿಸುವ ಸಿಎಚ್‌ಕಾನ್ ಕೂಡ ಬಳಸಿ ನೋಡಿದೆ. ಆಗ ಸರಿಯಾಯಿತು, ಆದರೆ ರಿಸ್ಟೋರ್‌ಕಾನ್ ಒಮ್ಮೆ ಓಡಿದರೆ ಅದು ಅಳಿಸಿಹೋಗುತ್ತದೆ. ಸಾಂಬಾವನ್ನು ಮರುಪ್ರಾರಂಭಿಸುವ ಅಗತ್ಯ ಬೀಳಲಿಲ್ಲ.